ಪರದೆಯ ಎಡ ಅಂಚು

ಆ ದಿನವೂ ಎದ್ದ ಕೂಡಲೇ ಟಿ.ವಿ. ಒರೆಸಿದೆ. ವಾಡಿಯಲ್ಲಿ ಫ್ಯಾಕ್ಟರಿಯ ಸಿಮೆಂಟಿನ ಧೂಳು ರಾತ್ರಿಯೆಲ್ಲ ಸದ್ದಿಲ್ಲದೆ ಇಳಿಯುತ್ತದೆ. ಬೆರಳಿಟ್ಟರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಆಮೇಲೆ ಹಾಲು ಕಾಸಿದೆ, ರೊಟ್ಟಿ ಬಡಿದೆ, ಶೇಂಗಾ ಹಿಂಡಿ ಹಾಕಿ ಡಬ್ಬಿ ಕಟ್ಟಿದೆ. ಯಜಮಾನರು ಗೂಡ್ಸ್ ಗಾಡಿಯ ಡ್ರೈವರ್. ಅವತ್ತು ಹೋಗಬೇಕಿದ್ದದ್ದು ಗಾಡಿಗಲ್ಲ, ಕಣ್ಣಿನ ತಪಾಸಣೆಗೆ. ಪಾಸಾದರೆ ಎಂಜಿನ್ನು, ಇಲ್ಲದಿದ್ದರೆ ಆಫೀಸಿನ ಕುರ್ಚಿ. ಡಬ್ಬಿ ಬೇಡವೆಂದರು. ಆದರೂ ಒಯ್ದರು.

ನಮ್ಮಿಬ್ಬರಿಗೂ ಹಳೆಯ ಸಿನಿಮಾದ ಹುಚ್ಚು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಆಗೀಗ ಕಪ್ಪು-ಬಿಳುಪಿನ ಇಂಗ್ಲಿಷ್ ಚಿತ್ರ ತೋರಿಸುತ್ತಿದ್ದರು. ನನಗೆ ಅಲ್ಲಿಂದ ಹತ್ತಿದ್ದು, ಅವರಿಗೆ ನನ್ನಿಂದ. ಚಿತ್ರದ ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ನೋಡುವುದನ್ನು ಅವರು ಕಲಿಸಿದರು. ಎಂಜಿನ್ನಿನಲ್ಲಿ ಸಿಗ್ನಲ್ ಕಂಡವರು ಕೈ ಚಾಚಿ ಬಣ್ಣ ಕೂಗಬೇಕು, ಜೊತೆಗಾರ ಅದನ್ನೇ ತಿರುಗಿ ಕೂಗಬೇಕು. ಮನೆಯಲ್ಲೂ ಅದೇ ರೂಢಿ. "ಬಲಕ್ಕ ಕಿಟಕಿ, ತೆರದದ," ಎನ್ನುವರು. "ತೆರದದ," ಎನ್ನುವೆ ನಾನು. ಪರದೆಯ ನಡುವೆ ಮಾತಾಡುವವರನ್ನು ಬಿಡು, ಮೂಲೆ ನೋಡು ಎನ್ನುತ್ತಿದ್ದರು. ಮನಸ್ಸು ಕದಡುವ ಕೊಲೆಯ ಚಿತ್ರದಲ್ಲಿ ಅಪಾಯ ಮೂಲೆಯಿಂದಲೇ ಬರುತ್ತದೆ: ಅರ್ಧ ತೆರೆದ ಕಪಾಟು, ಗೋಡೆಯ ಮೇಲೆ ಹೆಚ್ಚಿಗೆ ಒಂದು ನೆರಳು. ದೆವ್ವದ ಹಾಸ್ಯಚಿತ್ರದಲ್ಲಿ ನಗುವೂ ಅಲ್ಲಿಂದಲೇ. ಹೆದರಿಸುವುದೋ ನಗಿಸುವುದೋ ಎಂಬುದು, ಅಂಚಿನಲ್ಲಿ ನಿಂತವನನ್ನು ಎಷ್ಟು ಹೊತ್ತು ನಿಲ್ಲಿಸಿಟ್ಟಿರುತ್ತಾರೆ ಎನ್ನುವುದರ ಮೇಲೆ.

ಈಚಿನ ಕೆಲವು ವಾರಗಳಿಂದ ಅವರು ಕೂಗುವುದು ಕಡಿಮೆಯಾಗಿತ್ತು. ಈಗ ಮೊದಲು ಕೂಗುವವಳು ನಾನೇ, ತಿರುಗಿ ಹೇಳುವವರು ಅವರು. ಕೇಳಿದ್ದಕ್ಕೆ, ಟಿ.ವಿ. ಸಣ್ಣದು ಅಂದಿದ್ದರು.

ಮಧ್ಯಾಹ್ನ ಬಂದರು. ಚಪ್ಪಲಿ ಬಿಡುತ್ತ, ಎರಡೂ ಕಣ್ಣಿನ ಅಂಚಿನ ನೋಟ ಹೋಗುತ್ತಿದೆಯಂತೆ, ಹೋದದ್ದು ತಿರುಗಿ ಬರುವುದಿಲ್ಲವಂತೆ, ಇನ್ನು ಗಾಡಿ ಇಲ್ಲ ಎಂದರು. ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. ನಾನು ಡಬ್ಬಿ ತೆರೆದೆ. ರೊಟ್ಟಿ ಹಾಗೆಯೇ ಇದ್ದವು. ಅವನ್ನೇ ತಟ್ಟೆಗೆ ಹಾಕಿದೆ. ಅಳು ಬರಲಿಲ್ಲ. ಹಿಂಡಿಯಲ್ಲಿ ಉಪ್ಪು ಸರಿ ಇದೆಯೇ ಎಂದು ನಾಲಿಗೆಗೆ ಹಚ್ಚಿ ನೋಡಿದೆ, ಸರಿ ಇತ್ತು.

ಉಂಡ ಮೇಲೆ ಅವರೇ, ನಗುವಂಥದ್ದು ಯಾವುದಾದರೂ ಹಚ್ಚು ಅಂದರು. ಹಚ್ಚಿದೆ. ಸತ್ತ ಮಾವನ ದೆವ್ವ ಊಟದ ಹೊತ್ತಿಗೆ ಬಂದು ಅಳಿಯನ ತಟ್ಟೆಯಿಂದ ಕದ್ದು ತಿನ್ನುವ ಕಥೆ. ಎಡ ಅಂಚಿನಲ್ಲಿ, ಬಾಗಿಲ ಹಿಂದಿನಿಂದ ಮಾವ ತಲೆ ಹಾಕಿದ. ನಾನು ಕಾದೆ. ಅವರ ಕಣ್ಣು ಪರದೆಯ ನಡುವಿನ ಊಟದ ಮೇಜಿನ ಮೇಲೇ ಇದ್ದವು.

"ಎಡಕ್ಕ ಮಾವ, ನಿಂತಾನ," ಎಂದೆ ಕೈ ಚಾಚಿ.

"ನಿಂತಾನ," ಎಂದರು. ಆಮೇಲೆ, "ನನಗ ಕಂಡಿಲ್ಲ. ನೀ ಅಂದಿ ಅಂತ ಅನ್ನಲಿಕತ್ತೀನಿ. ಗಾಡ್ಯಾಗ ಹಿಂಗ ಅಂದ್ರ ಮಂದಿ ಸಾಯ್ತಾರ."

ಚಿತ್ರ ಓಡುತ್ತಲೇ ಇತ್ತು. ಮಾವ ಅಳಿಯನ ಮೀಸೆಗೆ ಸಾರು ಬಳಿದ. ಕೊನೆಯವರೆಗೂ ಕೂತು ನೋಡಿದೆವು, ಇಬ್ಬರೂ ಏನೂ ಕೂಗದೆ.

ಸಂಜೆ ಬಾಜೂ ಮನೆಯ ಭಾಭಿ ಒಣಗಿದ ಬಟ್ಟೆ ತೆಗೆಯುತ್ತ, ತಪಾಸಣೆ ಏನಾಯಿತೆಂದು ಗೋಡೆಯಾಚೆಯಿಂದ ಕೇಳಿದರು. ಅವರ ಗಂಡನೂ ಗಾಡಿಯ ಡ್ರೈವರೇ, ವಾರದಲ್ಲಿ ನಾಲ್ಕು ರಾತ್ರಿ ಹೊರಗೇ. ಇದ್ದದ್ದು ಹೇಳಿದೆ. ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, ಅಂಗಿಯೊಂದನ್ನು ಝಾಡಿಸಿ ಮಡಚುತ್ತ ಅಂದರು:

"ನಿಮ್ದ ನಸೀಬ್ ಭಾಳ ಚಲೋ ಅದ ಬಿಡ್ರಿ. ಇನ್ನ ಅವರು ದಿನಾ ರಾತ್ರಿ ಮನ್ಯಾಗ ಮಲಗ್ತಾರ."