ಪಟ್ಟಿಯಿಂದ ಬಿದ್ದ ನೂರ ಹದಿನೆಂಟು ಹೆಸರುಗಳು ಮತ್ತು ಶ್ರೀಮತಿ ಮಿಂಟರ್

ಮಿಸಿಸಿಪ್ಪಿ ರಾಜ್ಯದ ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಮತದಾರರ ಪುಸ್ತಕ ಇರುವುದು ನ್ಯಾಯಾಲಯದ ಕ್ಲರ್ಕ್ ಎಂಬ ಚುನಾಯಿತ ಅಧಿಕಾರಿಯ ಕಚೇರಿಯಲ್ಲಿ. ಯಾರು ಮತದಾರರು, ಯಾರು ಅಲ್ಲ ಎಂಬುದು ನಮ್ಮ ಕಾಲದ ಬಹುಪಾಲು ವರ್ಷಗಳಲ್ಲಿ ಆ ಕಚೇರಿಯ ಮೇಜಿನ ಹಿಂದೆ ಕುಳಿತವರ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. ಆ ಮರ್ಜಿಯನ್ನು ನಿಯಮವಾಗಿ ಬದಲಿಸಿದವರ ಸಾಲಿನಲ್ಲಿ ಟಲ್ಲಾಹಾಮಾ ಕೌಂಟಿಯ ಕ್ಲರ್ಕ್ ಶ್ರೀಮತಿ ಅರ್ಡೀಲಿಯಾ ಮಿಂಟರ್ ಅವರಿಗೆ ಗೌರವದ ಸ್ಥಾನವಿದೆ. ಉಪ ಕ್ಲರ್ಕ್ ಆಗಿ ಹನ್ನೊಂದು ವರ್ಷ, ಚುನಾಯಿತ ಕ್ಲರ್ಕ್ ಆಗಿ ನಾಲ್ಕು ಅವಧಿ ದುಡಿದು, ಬರುವ 2000ದ ಜನವರಿಯಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಕಚೇರಿಯ ಸುದ್ದಿಯನ್ನು ಇಪ್ಪತ್ತಮೂರು ವರ್ಷ ಬರೆದವನೆಂಬ ಕಾರಣಕ್ಕೆ ಸಂಪಾದಕರು ಈ ಲೇಖನವನ್ನು ನನಗೆ ಒಪ್ಪಿಸಿದ್ದಾರೆ.

ಮೊದಲು ಕೆಲವು ಸಂಗತಿಗಳು. ಬಣ್ಣದ ಕಾರಣಕ್ಕೆ ಯಾರಿಗೂ ಮತದಾನದ ಹಕ್ಕನ್ನು ನಿರಾಕರಿಸಬಾರದೆಂಬ ತಿದ್ದುಪಡಿ ನಮ್ಮ ಸಂವಿಧಾನಕ್ಕೆ ಸೇರಿದ್ದು 1870ರಲ್ಲಿ. ಅರ್ಡೀಲಿಯಾ ಮಿಂಟರ್ ಹೆಸರು ನೋಂದಾಯಿಸಲು ಮೊದಲ ಸಲ ಹೋದದ್ದು 1963ರ ಮಾರ್ಚ್‌ನಲ್ಲಿ. ನಡುವೆ ತೊಂಬತ್ತಮೂರು ವರ್ಷ. ಆಗ ಅವರು ಕಪ್ಪು ಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿ, ವಯಸ್ಸು ಇಪ್ಪತ್ತಾರು. ರಾಜ್ಯ ಸಂವಿಧಾನದ ಒಂದು ಕಲಮನ್ನು ನಕಲು ಮಾಡಿ, ಅದರ ಅರ್ಥವನ್ನು ಕ್ಲರ್ಕ್‌ಗೆ ಒಪ್ಪಿಗೆಯಾಗುವಂತೆ ಬರೆಯಬೇಕಿತ್ತು. ಅವರು ಬರೆದರು. ಕ್ಲರ್ಕ್‌ಗೆ ಒಪ್ಪಿಗೆಯಾಗಲಿಲ್ಲ. ಏಕೆಂದು ಹೇಳಬೇಕಾದ ಕಟ್ಟುಪಾಡು ಕ್ಲರ್ಕ್‌ಗೆ ಇರಲಿಲ್ಲ.

ಅರ್ಜಿ ಹಾಕಿದವರ ಹೆಸರು ಮತ್ತು ವಿಳಾಸವನ್ನು ಸ್ಥಳೀಯ ಪತ್ರಿಕೆಯಲ್ಲಿ ಎರಡು ವಾರ ಅಚ್ಚು ಹಾಕಿಸಬೇಕೆಂದು ಆಗ ಕಾನೂನು ಇತ್ತು. ಅದರ ಫಲ ಏನಾಗುತ್ತಿತ್ತೆಂಬುದು ಎಲ್ಲರಿಗೂ ತಿಳಿದಿತ್ತು. ಶುಕ್ರವಾರ ಹೆಸರು ಬಂದರೆ ಸೋಮವಾರದೊಳಗೆ ಜಮೀನಿನ ಒಡೆಯ ಮನೆ ಖಾಲಿ ಮಾಡಿಸುತ್ತಿದ್ದ. ಅಂಗಡಿಯವನು ಸಾಮಾನು ಕೊಡುವುದನ್ನು ನಿಲ್ಲಿಸುತ್ತಿದ್ದ. ಶ್ರೀಮತಿ ಮಿಂಟರ್ ಅವರ ಹೆಸರು ಬಂದ ವರ್ಷ ಶಾಲೆಯವರು ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ. ಎರಡು ವರ್ಷ ಅವರು ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿದರು. 1965ರ ಮತದಾನದ ಹಕ್ಕಿನ ಕಾನೂನು ಬಂದು, ಕೇಂದ್ರ ಸರ್ಕಾರದ ಅಧಿಕಾರಿಗಳು ಅಂಚೆ ಕಚೇರಿಯಲ್ಲಿ ಮೇಜು ಹಾಕಿಕೊಂಡು ಕುಳಿತ ಮೇಲೆ ಅವರ ಹೆಸರು ಪುಸ್ತಕ ಸೇರಿತು. ಅರ್ಜಿಗಳನ್ನು ಅಚ್ಚು ಹಾಕಿದ್ದ ಪತ್ರಿಕೆ ನಮ್ಮದೇ. ನಾನು ಅಲ್ಲಿ ಸೇರಿದ್ದು 1976ರಲ್ಲಿ, ಒಹಾಯೊದಿಂದ ಬಂದು. ಹಳೆಯ ಸಂಚಿಕೆಗಳನ್ನು ಓದಿದ್ದೆ. ಆದರೆ ಆ ಶುಕ್ರವಾರಗಳನ್ನು ಅನುಭವಿಸಿರಲಿಲ್ಲ.

1972ರಲ್ಲಿ ಅವರು ಉಪ ಕ್ಲರ್ಕ್ ಆದರು. ಕಾಗದದಲ್ಲಿದ್ದುದನ್ನು ಕಾಗದದಲ್ಲಿದ್ದಂತೆಯೇ ಪಾಲಿಸುವುದು ಅವರ ಕೆಲಸದ ರೀತಿ. ಬಿಳಿಯರಾಗಲಿ ಕಪ್ಪು ಜನರಾಗಲಿ, ಮೇಯರ್ ಆಗಲಿ ಟ್ರ್ಯಾಕ್ಟರ್ ಓಡಿಸುವವನಾಗಲಿ, ಒಂದೇ ಫಾರಂ, ಒಂದೇ ಪೆನ್ನು. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಮರ್ಜಿಗೆ ಎಡೆಯಿರುವುದಿಲ್ಲವೆಂದು ಅವರು ನಂಬಿದ್ದರು. ಆ ನಂಬಿಕೆ ಅವರನ್ನು ಒಮ್ಮೆ ಕೈಬಿಟ್ಟಿತು. ನಾನು ಬರೆಯಲು ಹೊರಟಿರುವುದು ಅದನ್ನೇ.

1979ರ ಬೇಸಿಗೆಯಲ್ಲಿ ಚುನಾವಣಾ ಆಯುಕ್ತರು ಪುಸ್ತಕ ಪರಿಷ್ಕರಿಸಲು ನಿರ್ಧರಿಸಿದರು. ಪ್ರತಿ ಮತದಾರನಿಗೂ ಒಂದು ಕಾರ್ಡು. ವಿಳಾಸದಾರ ಸಿಗದೆ ಮರಳಿ ಬಂದರೆ ಹೆಸರು ರದ್ದು. ವಿಳಾಸಗಳನ್ನು ಟೈಪ್ ಮಾಡಿದವರು ಶ್ರೀಮತಿ ಮಿಂಟರ್. ಫ್ಯಾರೋ ಕುಟುಂಬದ ಹತ್ತಿ ತೋಟದಲ್ಲಿ ದುಡಿಯುತ್ತಿದ್ದವರಿಗೆ ಹಿಂದೆಲ್ಲ ಅಂಚೆ ಬರುತ್ತಿದ್ದುದು ಒಡೆಯರ ಅಂಗಡಿಗೆ. 1965ರಲ್ಲಿ ನೋಂದಾಯಿಸಿದಾಗ ಅವರೆಲ್ಲ ಆ ಅಂಗಡಿಯ ವಿಳಾಸವನ್ನೇ ಕೊಟ್ಟಿದ್ದರು. ಅಂಗಡಿ ಮುಚ್ಚಿ ಎರಡು ವರ್ಷವಾಗಿತ್ತು. ಜನ ಅಲ್ಲಿಂದ ಅರ್ಧ ಮೈಲಿ ದೂರದ ಸೈಪ್ರೆಸ್ ರಸ್ತೆಯಲ್ಲಿ ಸ್ವಂತ ಮನೆ, ಸ್ವಂತ ಅಂಚೆಪೆಟ್ಟಿಗೆ ಮಾಡಿಕೊಂಡಿದ್ದರು. ಇದು ಕೌಂಟಿಗೆಲ್ಲ ಗೊತ್ತಿತ್ತು. ಶ್ರೀಮತಿ ಮಿಂಟರ್ ಅವರಿಗೂ ಗೊತ್ತಿತ್ತು. ಆದರೂ ಪುಸ್ತಕದಲ್ಲಿ ಇದ್ದಂತೆಯೇ ಟೈಪ್ ಮಾಡಿದರು. ನೂರ ಹದಿನೆಂಟು ಕಾರ್ಡು ಮರಳಿ ಬಂದವು. ನೂರ ಹದಿನೆಂಟು ಹೆಸರು ರದ್ದಾದವು. ಚುನಾವಣೆಗೆ ಐದು ವಾರ ಇತ್ತು. ಹೊಸದಾಗಿ ನೋಂದಾಯಿಸುವ ಗಡುವು ಮುಗಿದಿತ್ತು. ಆಯುಕ್ತರ ವಿಚಾರಣೆಗೆ ಖುದ್ದಾಗಿ ಬಂದು ತಾವು ಎಲ್ಲಿಗೂ ಹೋಗಿಲ್ಲವೆಂದು ತೋರಿಸಿದವರಿಗೆ ಮಾತ್ರ ಹೆಸರು ಮರಳಿ ಸಿಗುತ್ತಿತ್ತು.

ತಪ್ಪು ತಿಳಿದ ದಿನವೇ ಅವರು ನಮ್ಮ ಕಚೇರಿಗೆ ಬಂದರು. ಹೆಸರುಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿದರೆ ಜನ ತಾವಾಗಿ ಬರುತ್ತಾರೆಂದು ಸಲಹೆ ಕೊಟ್ಟವನು ನಾನು. ಅವರು ಒಪ್ಪಿದರು. ನೋಟಿಸುಗಳಿಗೆಂದು ಪತ್ರಿಕೆಯಲ್ಲಿ ಮೀಸಲಾಗಿದ್ದ ಅಂಕಣದಲ್ಲಿ, ಹೆಸರು ಮತ್ತು ವಿಳಾಸ ಸಹಿತ, ಪಟ್ಟಿ ಶುಕ್ರವಾರ ಬಂತು. ಹದಿನಾರು ವರ್ಷ ಹಿಂದೆ ಅರ್ಜಿದಾರರ ಹೆಸರು ಬರುತ್ತಿದ್ದುದೂ ಅದೇ ಅಂಕಣದಲ್ಲಿ, ವಾರದ ಅದೇ ದಿನ.

ಒಂದು ವಾರ ಕಳೆದರೂ ಒಬ್ಬರೂ ಬರಲಿಲ್ಲ. ಶನಿವಾರ ಅವರು ನನ್ನನ್ನು ಕರೆದುಕೊಂಡು ಸೈಪ್ರೆಸ್ ರಸ್ತೆಗೆ ಹೋದರು. ಮೊದಲ ಮನೆ ಎಂಬತ್ತೊಂದು ವರ್ಷದ ಈಫ್ರಮ್ ಸ್ಟ್ರೋದರ್ ಅವರದು. ಅವರು ಜಗಲಿಯಿಂದ ಎದ್ದು ಬರಲಿಲ್ಲ; ಚರ್ಚಿನ ರೂಢಿಯಂತೆ ಸಿಸ್ಟರ್ ಎಂದು ಕರೆದು ಅಲ್ಲಿಂದಲೇ ಮಾತಾಡಿದರು.

"ಸಿಸ್ಟರ್ ಮಿಂಟರ್, ನೀನು ಸಣ್ಣ ಹುಡುಗಿ ಇದ್ದಾಗಿಂದ ನಿನ್ನನ್ನ ಬಲ್ಲೆ. ನನ್ನ ಹೆಸರು ಪೇಪರಿಗೆ ಕೊಟ್ಟೋರು ಯಾರು, ಹೇಳು."

"ನಾನೇ, ಮಿಸ್ಟರ್ ಈಫ್."

"ಅದ್ಯಾಕವ್ವ? ನಾನೇನು ಮಾಡಿದ್ದೆ? ನನ್ನ ಹೆಂಡ್ತಿ ಮೊನ್ನೆಯಿಂದ ಪಾತ್ರೆ ಪಗಡ ಕಟ್ಟಿ ಇಟ್ಟವಳೆ, ಯಾವನು ಬಂದು ಖಾಲಿ ಮಾಡು ಅಂತಾನೋ ಅಂತ."

"ಈ ಮನೆ ನಿಮ್ಮದೇ. ಯಾರು ಖಾಲಿ ಮಾಡಿಸ್ತಾರೆ?"

"ಅದನ್ನ ಅವಳಿಗೆ ಹೇಳು ಹೋಗು. ನನಗೂ ಹೇಳ್ಕೊಂಡಿದೀನಿ, ಕಾಲು ಕೇಳ್ತಾ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇವನೇನಾ ಅಚ್ಚು ಹಾಕ್ದೋನು? ನೋಡೋಕೆ ಪಾಪದವನ ಹಾಗೆ ಇದಾನೆ" ಎಂದರು.

ವಾಪಸು ಬರುವಾಗ ಶ್ರೀಮತಿ ಮಿಂಟರ್ ಕಾರಿನಲ್ಲಿ ಹೇಳಿದ್ದು ಇಷ್ಟೇ: "ನೀನು ಒಹಾಯೊದವನು, ನಿನಗೆ ತಿಳೀಲಿಲ್ಲ. ನಾನು ಇಲ್ಲಿಯೋಳು. ನನಗೆ ತಿಳೀಬೇಕಿತ್ತು."

ಪಟ್ಟಿಯನ್ನು ಇನ್ನೊಂದು ಸಲ ಪ್ರಕಟಿಸಬೇಕೆಂದು, ಆದರೆ ಈ ಸಲ ಅದರ ಮೇಲೆ ತಮ್ಮ ಹೇಳಿಕೆ ಇರಬೇಕೆಂದು ಅವರು ಬರೆದುಕೊಟ್ಟರು. ಕೆಳಗಿನವರು ಯಾವ ತಪ್ಪನ್ನೂ ಮಾಡಿಲ್ಲ, ಹಳೆಯ ವಿಳಾಸಕ್ಕೆ ಕಾರ್ಡು ಕಳಿಸಿದ ತಪ್ಪು ತನ್ನದು, ಎಂದು ಮೂರು ಸಾಲು. ಕೆಳಗೆ ಅವರ ಹೆಸರು, ಮನೆಯ ವಿಳಾಸ. ಮೇಲಧಿಕಾರಿಯಾಗಿದ್ದ ಕ್ಲರ್ಕ್ ಅದನ್ನು ಓದಿ, "ಅರ್ಡೀಲಿಯಾ, ಇದು ಅಚ್ಚಾದ್ರೆ ನಿಮ್ಮ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ" ಎಂದರು. "ನೀವು ಉಳಿಸಿ ಅಂತ ನಾನು ಕೇಳಿಲ್ಲವಲ್ಲ" ಎಂದು ಇವರು ಉತ್ತರಿಸಿದರು. ಹೇಳಿಕೆ ಅಚ್ಚಾಯಿತು. ಶ್ರೀಮತಿ ಮಿಂಟರ್ ಒಂಬತ್ತು ದಿನ ರಜೆ ಹಾಕಿ, ಆ ಸಂಚಿಕೆಯನ್ನು ಕೈಯಲ್ಲಿ ಹಿಡಿದು, ರಸ್ತೆಯ ಪ್ರತಿ ಮನೆಯ ಬಾಗಿಲಿಗೂ ಹೋದರು. ಕೆಲವು ಮನೆಗಳಿಗೆ ಮೂರು ಸಲ. ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸುವುದನ್ನು ಬಿಟ್ಟರೆ ಅವರು ಹೆಚ್ಚು ವಾದ ಮಾಡುತ್ತಿರಲಿಲ್ಲವೆಂದು ಕಂಡವರು ಹೇಳಿದ್ದಾರೆ.

ವಿಚಾರಣೆಯ ದಿನ ತೊಂಬತ್ತೇಳು ಜನ ಬಂದರು. ಚರ್ಚಿನ ಬಸ್ಸು ನಾಲ್ಕು ಸಲ ಓಡಾಡಿತು. ಆಯುಕ್ತರ ಅಧ್ಯಕ್ಷ ಹಾಯ್ಟ್ ಬ್ರಾನಮ್ ಮೊದಲು ಸ್ಟ್ರೋದರ್ ಅವರನ್ನು ಕರೆದರು.

"ನೀವು ಈ ಕೌಂಟಿಯಲ್ಲೇ ವಾಸ ಇದೀರಿ ಅನ್ನೋದಕ್ಕೆ ಏನಾದ್ರೂ ದಾಖಲೆ ಇದ್ಯಾ?"

"ಇದೆಯಲ್ಲ, ಮಿಸ್ಟರ್ ಹಾಯ್ಟ್. ಜುಲೈ ನಾಲ್ಕಕ್ಕೆ ನನ್ನ ಅಂಗಳಕ್ಕೆ ಬಂದು ಎರಡು ಕಲ್ಲಂಗಡಿ ತಗೊಂಡು ಹೋದ್ರಲ್ಲ, ಅದೇ ಮನೆ."

ಕೋಣೆ ನಕ್ಕಿತು. ಬ್ರಾನಮ್ ನಗಲಿಲ್ಲ. "ಒಂದು ಒಳಗೆ ಬೆಳ್ಳಗಿತ್ತು" ಎಂದರು.

"ಅದನ್ನೂ ಬರ್ಕೊಳ್ಳಿ. ಆದರೆ ನನ್ನ ಹೆಸರು ಮೊದಲು ಬರೀರಿ."

ತೊಂಬತ್ತೇಳೂ ಹೆಸರುಗಳು ಮರಳಿ ಪುಸ್ತಕ ಸೇರಿದವು. ಉಳಿದ ಇಪ್ಪತ್ತೊಂದರಲ್ಲಿ ನಾಲ್ವರು ತೀರಿಹೋಗಿದ್ದರು. ಆರು ಜನ ನಿಜವಾಗಿಯೂ ಷಿಕಾಗೋ ಕಡೆಗೆ ಹೋಗಿಬಿಟ್ಟಿದ್ದರು. ಹನ್ನೊಂದು ಜನ ಭಯದಿಂದ ಬರಲಿಲ್ಲ. ನವೆಂಬರ್‌ನಲ್ಲಿ ಆ ಭಾಗದ ಕಪ್ಪು ಅಭ್ಯರ್ಥಿ ಒಂಬತ್ತು ಮತಗಳಿಂದ ಸೋತರು. ಆ ಹನ್ನೊಂದು ಜನ ಬಂದಿದ್ದರೆ ಗೆಲ್ಲುತ್ತಿದ್ದರಲ್ಲವೇ ಎಂದು ನಾನು ಶ್ರೀಮತಿ ಮಿಂಟರ್ ಅವರನ್ನು ಕೇಳಿದೆ. "ಅವರು ಯಾರಿಗೆ ಓಟು ಹಾಕ್ತಿದ್ರು ಅಂತ ನಿನಗೆ ಗೊತ್ತಾ? ನನಗೆ ಗೊತ್ತಿಲ್ಲ. ಗೊತ್ತಿರಲೂ ಬಾರದು" ಎಂದರು.

ಕೆಲಸ ಉಳಿಯಿತು, ಆದರೆ ಲಿಖಿತ ಛೀಮಾರಿ ಅವರ ಸೇವಾ ಕಡತ ಸೇರಿತು. 1983ರಲ್ಲಿ ಅದೇ ಕಚೇರಿಗೆ ಕ್ಲರ್ಕ್ ಆಗಿ ಆಯ್ಕೆಯಾದಾಗ ಅದನ್ನು ತೆಗೆಸಬಹುದಿತ್ತು, ತೆಗೆಸಲಿಲ್ಲ. ಹೊಸ ನೌಕರರಿಗೆ ಮೊದಲ ದಿನ ಅದನ್ನು ಓದಲು ಕೊಡುತ್ತಿದ್ದರು. ಮರಳಿ ಬಂದ ಕಾರ್ಡೊಂದನ್ನೇ ನಂಬಿ ಆಮೇಲೆ ಅವರ ಕಚೇರಿ ಯಾರ ಹೆಸರನ್ನೂ ರದ್ದತಿಗೆ ಕಳಿಸಲಿಲ್ಲ. ಮನೆಗೆ ಹೋಗಿ ವಿಚಾರಿಸಿ ಬಂದವರ ಸಹಿ ಬೇಕು ಎಂದು ಬರಹದಲ್ಲಿ ನಿಯಮ ಮಾಡಿದರು. ಆ ನಿಯಮದಿಂದ ಹೆಸರು ಉಳಿಸಿಕೊಂಡವರಲ್ಲಿ ಬಿಳಿಯರೂ ಕಡಿಮೆಯಿಲ್ಲ. ಪ್ರವಾಹದಲ್ಲಿ ಮನೆ ಕಳೆದುಕೊಂಡವರು, ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದವರು, ಎಲ್ಲರೂ ಇದ್ದಾರೆ.

ಭಯದಿಂದ ಬರದಿದ್ದ ಆ ಹನ್ನೊಂದು ಜನರ ಪೈಕಿ ಹತ್ತು ಮಂದಿ ಮುಂದಿನ ವರ್ಷಗಳಲ್ಲಿ ಒಬ್ಬೊಬ್ಬರಾಗಿ ನೋಂದಾಯಿಸಿಕೊಂಡರು. ಉಳಿದವರು ಕ್ಲೋಟೀಲ್ ಯಾರ್ಬರ್. ಈಗ ಎಂಬತ್ತನಾಲ್ಕು ವರ್ಷ. 1963ರಲ್ಲಿ ಪತ್ರಿಕೆಯಲ್ಲಿ ಹೆಸರು ಬಂದ ಮೂರನೆಯ ದಿನ ಅವರನ್ನು ಗಂಡ ಮಕ್ಕಳ ಸಮೇತ ಮನೆಯಿಂದ ಹೊರಹಾಕಲಾಗಿತ್ತು. ಆ ಚಳಿಗಾಲವನ್ನು ಅವರು ಹತ್ತಿ ಗೋದಾಮಿನಲ್ಲಿ ಕಳೆದರು. ಇಪ್ಪತ್ತು ವರ್ಷಗಳಿಂದ ಶ್ರೀಮತಿ ಮಿಂಟರ್ ವರ್ಷಕ್ಕೊಮ್ಮೆಯಾದರೂ ಫಾರಂ ಹಿಡಿದು ಅವರ ಮನೆಗೆ ಹೋಗುತ್ತಾರೆ. ಹೋದ ತಿಂಗಳು ಹೋದಾಗ ಶ್ರೀಮತಿ ಯಾರ್ಬರ್ ಗೆಣಸಿನ ಪೈ ಎಂಬ ಸಿಹಿತಿಂಡಿ ಕೊಟ್ಟು, "ಪೈ ತಿನ್ನು, ಕಾಗದ ಒಳಗಿಡು. ನೀನು ರಿಟೈರ್ ಆದ ಮೇಲೂ ಬರ್ತೀಯೋ ಇಲ್ವೋ ನೋಡೋಣ" ಎಂದರಂತೆ.

ಬರುತ್ತಾರೆ. ಶ್ರೀಮತಿ ಮಿಂಟರ್ ಅವರಿಗೆ ಆರೋಗ್ಯವೂ ದೀರ್ಘಾಯುಷ್ಯವೂ ಇರಲಿ, ಕಾರು ಓಡಿಸುವ ಕಣ್ಣು ಬಹುಕಾಲ ಚುರುಕಾಗಿರಲಿ ಎಂದು ಹಾರೈಸುತ್ತೇನೆ. ಅವರ ಕೆಲಸ ಇನ್ನೂ ಒಂದು ಸಹಿಯಷ್ಟು ಬಾಕಿ ಇರುವುದರಿಂದ, ಶ್ರೀಮತಿ ಯಾರ್ಬರ್ ಅವರಿಗೂ ಅಷ್ಟೇ ದೀರ್ಘಾಯುಷ್ಯ ಕೋರುತ್ತೇನೆ.