ನಾನು ಓದದೆ ಬಿಟ್ಟ ಮೇಲಿನ ಸಾಲು

ಕೊರೋನಾ ಗಲಾಟೆ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ತಾಳವಾಡಿ ಬೆಟ್ಟದ ಒಂದು ಉಪ ಆರೋಗ್ಯ ಕೇಂದ್ರದಲ್ಲಿ ಗ್ರಾಮ ಆರೋಗ್ಯ ನರ್ಸ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ತಿಗನಾರೆಯಿಂದ ಜೀರಹಳ್ಳಿಯವರೆಗೆ ಇಪ್ಪತ್ತೆಂಟು ವರ್ಷ ಚುಚ್ಚುಮದ್ದು, ಹೆರಿಗೆ, ರಕ್ತಹೀನತೆ ಅಂತ ಸುತ್ತಿದವಳು. ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಧಿಮಾಕು ಸ್ವಲ್ಪ ಇತ್ತು, ಸುಳ್ಳೇಕೆ ಹೇಳಲಿ. ಆ ಧಿಮಾಕಿನ ದೆಸೆಯಿಂದಲೇ ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾನು ಸಾಯುತ್ತೇನೆಂದು ಹದಿನೆಂಟು ದಿನ ಮೂಲೆ ಹಿಡಿದು ಕೂತಳು.

ಆಗ ಸ್ತನ ಕ್ಯಾನ್ಸರ್ ಬಗ್ಗೆ ತಿಳಿವಳಿಕೆ ಕೊಡಿ ಎಂದು ಮೇಲಿನಿಂದ ಒಂದು ಚಾರ್ಟ್ ಬಂದಿತ್ತು. ನಮ್ಮೂರುಗಳ ಮಾತು ಕನ್ನಡವಾದರೂ ಸೇರಿದ್ದು ತಮಿಳುನಾಡಿಗೆ, ಹಾಗಾಗಿ ನಮಗೆ ಬರುವ ಚಾರ್ಟೆಲ್ಲ ತಮಿಳಿನಲ್ಲೇ. ನಮ್ಮ ಹೆಂಗಸರಿಗೆ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತಮಿಳು ಸಲೀಸು, ಓದಲು ಮಾತ್ರ ಬಾರದು. ಹಾಗಾಗಿ ತಮಿಳು ನೋಡಿಕೊಂಡು ಬಾಯಲ್ಲಿ ಕನ್ನಡ ಮಾಡಿ ಹೇಳುವುದು ನಾನು ಮೊದಲಿಂದಲೂ ನಡೆಸಿಕೊಂಡು ಬಂದ ಪದ್ಧತಿ. ಆ ಸಂಜೆ ನೀರಿನ ಟ್ಯಾಂಕಿನ ಹತ್ತಿರ ಹಗ್ಗ ಕಟ್ಟಿ ಚಾರ್ಟ್ ನೇತುಹಾಕಿದೆ. ಅದರ ಮೇಲ್ತುದಿಯಲ್ಲಿ ‘ಮೂವತ್ತು ದಾಟಿದ ಹೆಂಗಸರಿಗೆ’ ಎಂದು ಒಂದು ಸಾಲಿತ್ತು. ಎದುರಿಗೆ ಕೂತವರೆಲ್ಲ ಮೊಮ್ಮಕ್ಕಳನ್ನು ಕಂಡವರೇ, ಇದನ್ನೇನು ಓದುವುದು ಅಂತ ಬಿಟ್ಟೆ.

"ಎದೇಲಿ ಗಂಟು ಸಿಕ್ಕುದ್ರೆ ಮುಚ್ಚಿಟ್ಕಂಡು ಕೂರ್ಬೇಡಿ. ತಡ ಮಾಡುದ್ರೆ ಎದೆನೇ ಕುಯ್ದು ತೆಗಿಬೇಕಾಯ್ತದೆ, ಜೀವಕ್ಕೇ ಬತ್ತದೆ" ಎಂದು ಹೆದರಿಸಿಯೇ ಹೇಳಿದೆ. ಹೆದರಿಸದಿದ್ದರೆ ನಮ್ಮವರು ಆಸ್ಪತ್ರೆ ಮೆಟ್ಟಿಲು ಹತ್ತುವ ಪೈಕಿ ಅಲ್ಲ. ಹಿಂದುಗಡೆ ನಲ್ಲಿಯ ಬಳಿ ಒಬ್ಬ ಹುಡುಗಿ ಕೊಡ ತುಂಬಿ ಚೆಲ್ಲುತ್ತಿದ್ದರೂ ನಿಂತೇ ಇದ್ದಳು. "ನೀರು ನಿಲ್ಸಮ್ಮಿ, ಕಣ್ಣು ಕಾಣಕಿಲ್ವಾ!" ಎಂದು ಗದರಿದೆ. ಅಷ್ಟೇ, ಮರೆತೂಬಿಟ್ಟೆ.

ಮುಂದೆ ಒಂದು ಗುರುವಾರ ಕಬ್ಬಿಣಾಂಶದ ಮಾತ್ರೆ ಕೊಡಲು ಶಾಲೆಗೆ ಹೋದಾಗ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. ಏಳನೇ ತರಗತಿಯ ಪವಿತ್ರಾ ಎರಡು ವಾರದ ಮೇಲಾಯಿತು, ಶಾಲೆಗೆ ಬರುತ್ತಿಲ್ಲ. ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕುತ್ತಿದ್ದವಳು. ಅಜ್ಜಿ ಶಾಲೆ ಬಿಡಿಸುವ ಮಾತಾಡುತ್ತಿದ್ದಾರಂತೆ. ದೊಡ್ಡವಳಾಗಿರಬೇಕು, ಅದಕ್ಕೇ ಕೂರಿಸಿಕೊಂಡಿದ್ದಾರೆ ಅಂದುಕೊಂಡು ಅವರ ಮನೆಗೆ ನಡೆದೆ.

ತಾಯಿ ಕೂಲಿಗೆ ಹೋಗಿದ್ದಳು. ಅಜ್ಜಿ ಪುಟ್ಟಮಾದಮ್ಮ ಜಗಲಿಯಲ್ಲಿ ಎಲೆಚೀಲ ಬಿಚ್ಚಿಕೊಂಡು ಕೂತಿದ್ದರು.

"ಇನ್ನೂ ನೆರೆದಿಲ್ಲ ಕಣವ್ವ. ಅದ್ಯಾನಾಗದೋ ಕಾಣೆ. ಎಲ್ಡು ತುತ್ತು ಉಣ್ಣಲ್ಲ, ಬಾಯಿ ಬುಡಲ್ಲ. ಇಸ್ಕೂಲಿಗೆ ಓಗು ಅಂದ್ರೆ ಅಳ್ತಳೆ, ಬುಡ್ಸೇಬುಡವ ಅಂತಿವ್ನಿ. ನನ್ನ ಸುಣ್ಣದ ಡಬ್ಬಿ ಬ್ಯಾರೆ ದಿನಾ ಬರಿದಾಯ್ತದೆ!"

ಸುಣ್ಣದ ಮಾತು ಕಿವಿಗೆ ಬಿದ್ದದ್ದೇ ನಾನು ಎದ್ದು ಒಳಗೆ ಹೋದೆ. ನಮ್ಮ ಕಡೆ ಮೈಮೇಲೆ ಏನೇ ಗಡ್ಡೆ ಎದ್ದರೂ ಸುಣ್ಣ, ಬೆಲ್ಲ ಕಲಸಿ ಹಚ್ಚುವುದು ರೂಢಿ. ಹುಡುಗಿ ಅಣ್ಣನ ದೊಗಳೆ ಅಂಗಿ ತೊಟ್ಟು, ಭುಜ ಮುಂದಕ್ಕೆ ಬಾಗಿಸಿ ಕೂತಿದ್ದಳು. ಅಂಗಿಯ ಎದೆಯ ಮೇಲೆ ಬಿಳಿ ಕಲೆ. ನೀನು ಹೂಂ ಅನ್ನದೆ ಮುಟ್ಟುವುದಿಲ್ಲ ಎಂದು ಹೇಳಿ ಎದುರಿಗೆ ಕೂತೆ. ನನ್ನದು ಕಾಯುವ ಜಾಯಮಾನವಲ್ಲ, ಆದರೂ ಕಾದೆ.

"ಗಂಟದೆ ಅಕ್ಕ" ಎಂದಳು ಕೊನೆಗೆ. "ಎಡಗಡೆ. ಸುಣ್ಣ ಅಚ್ಚುದ್ರೂ ಕರಗ್ನಿಲ್ಲ."

ಅವಳ ಒಪ್ಪಿಗೆ ಕೇಳಿ ನೋಡಿದೆ. ಚರ್ಮ ಸುಟ್ಟು ಕೆಂಪಾಗಿ ಒಂದೆರಡು ಬೊಬ್ಬೆ ಎದ್ದಿದ್ದವು. ಅಯ್ಯೋ ನನ್ನ ಕಂದ, ಒಬ್ಬಳೇ ಎಷ್ಟು ಉರಿ ತಿಂದಿತ್ತೋ! ಕೆಳಗಿದ್ದದ್ದು ರೋಗದ ಗಂಟಲ್ಲ. ವೈದ್ಯಕೀಯದಲ್ಲಿ ಅದಕ್ಕೆ ಬ್ರೆಸ್ಟ್ ಬಡ್ ಅನ್ನುತ್ತಾರೆ. ಹುಡುಗಿ ಬೆಳೆಯತೊಡಗಿದಾಗ ಕಾಣುವ ಮೊದಲ ಗುರುತುಗಳಲ್ಲಿ ಒಂದು. ಅವರೆಕಾಳಿನಷ್ಟಿದ್ದು, ಮುಟ್ಟಿದರೆ ನೋಯುತ್ತದೆ. ಎಷ್ಟೋ ಮಕ್ಕಳಿಗೆ ಒಂದೇ ಕಡೆ ಮೊದಲು ಬಂದು, ಕೆಲವು ತಿಂಗಳಾದ ಮೇಲೆ ಇನ್ನೊಂದು ಕಡೆ ಬರುತ್ತದೆ. ನಿರಾಳವಾಗಿ ನಾನು ನಕ್ಕುಬಿಟ್ಟೆ. ನಗಬಾರದಿತ್ತು.

"ನೀವೇ ಏಳುದ್ರಲ್ಲ, ಟ್ಯಾಂಕ್ ತಾವ! ಗಂಟಿದ್ರೆ ಕುಯ್ತಾರೆ ಅಂತ!"

ಆಗ ಹೊಳೆಯಿತು, ಕೊಡ ಚೆಲ್ಲುತ್ತ ನಿಂತಿದ್ದವಳು ಇವಳೇ. ನಾಚಿಕೆಯಿಂದ ಭೂಮಿಗಿಳಿದು ಹೋದೆ. "ಅದು ದೊಡ್ಡ ಹೆಂಗಸರಿಗೆ ಬರೆದದ್ದು ಕಣವ್ವ. ಮೇಲೆ ಹಂಗಂತ ಒಂದು ಸಾಲಿತ್ತು, ನಾನು ಓದಲಿಲ್ಲ. ತಪ್ಪು ನಂದೇ" ಅಂದೆ. ಅವಳು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅನ್ನುವ ಹಾಗೆ ಮುಖ ತಿರುಗಿಸಿದಳು.

ಬಾಗಿಲಾಚೆ ಎಲ್ಲ ಕೇಳಿಸಿಕೊಂಡಿದ್ದ ಅಜ್ಜಿ ಒಳಗೆ ಬಂದರು. "ಅಯ್ ನನ್ ಕೂಸೇ, ಇದ್ಕಾ ನನ್ನ ಸುಣ್ಣವ ಖಾಲಿ ಮಾಡ್ದೆ? ನಿಮ್ಮವ್ವನ್ಗೂ ಇಂಗೇ ಒಂದ್ ಕಡೆ ಬಂದು, ರಾಗಿ ಒಲದಲ್ಲಿ ಕೂತು ಅತ್ತಿದ್ಲು. ನಾನೂ ಅತ್ತಿದ್ದೆ ಕಣಮ್ಮಿ. ನಮ್ಗೆ ಯಾರು ಏಳೋರಿದ್ರು?"

ಹುಡುಗಿ ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಂಗಾರೆ ಕುಯ್ಯಲ್ವಾ?"

"ಕುಯ್ಯಲ್ಲ ಕಣಮ್ಮಿ" ಎಂದರು ಅಜ್ಜಿ.

ಅಜ್ಜಿಯ ಮಡಿಲಿಗೆ ಬಿದ್ದು ಅತ್ತಳು ನೋಡಿ, ನನಗೂ ಕಣ್ಣು ತುಂಬಿತು. ಅತ್ತು ಮುಗಿಸಿ ಒಂದು ಮುದ್ದೆ ಉಂಡಳು. ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಲೇಡಿ ಡಾಕ್ಟರಿಗೂ ತೋರಿಸಿದೆ. ಅವರು ಸುಟ್ಟ ಗಾಯಕ್ಕೆ ಮುಲಾಮು ಕೊಟ್ಟು, ಉಳಿದದ್ದಕ್ಕೆ ಔಷಧಿಯೇ ಬೇಡ ಎಂದರು. ಗಾಯ ಮಾಗಿದ ಮೇಲೆ ಪವಿತ್ರಾ ಶಾಲೆಗೆ ಹೊರಟಳು. ಅಜ್ಜಿ ಶಾಲೆ ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಇಷ್ಟಕ್ಕೇ ಬಿಡಲು ನನಗೆ ಮನಸ್ಸಾಗಲಿಲ್ಲ. ಟೀಚರನ್ನು ಕೇಳಿ ಹೆಣ್ಣುಮಕ್ಕಳನ್ನಷ್ಟೇ ಒಂದು ಕೋಣೆಯಲ್ಲಿ ಕೂರಿಸಿ, ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಬರೆಯಲು ಹೇಳಿದೆ. ಕಂಕುಳ ಕೂದಲು, ಮೊಡವೆ, ಬೆವರಿನ ವಾಸನೆ, ಎಲ್ಲ ಬಂತು. ‘ನಾನೊಬ್ಬಳೇ ದಪ್ಪ ಆಗುತ್ತಿದ್ದೇನೆ, ಊಟ ಬಿಡಲಾ?’ ಎಂದು ಒಂದು ಚೀಟಿ. ‘ಎಲ್ಲರೂ ದೊಡ್ಡವರಾದರು, ನಾನು ಆಗಿಲ್ಲ, ಕಾಯಿಲೆಯಾ?’ ಎಂದು ಇನ್ನೊಂದು. ಒಂದೇ ದಿನ ಬಿತ್ತಿದ ರಾಗಿಯೂ ಒಂದೇ ದಿನ ತೆನೆ ಬಿಡುವುದಿಲ್ಲ, ನಿಮ್ಮ ಮೈ ಅದರ ಹೊತ್ತಿಗೆ ಬೆಳೆಯುತ್ತದೆ, ಊಟ ಮಾತ್ರ ಬಿಡಬೇಡಿ ಎಂದೆ. ಅನುಮಾನ ಬಂದರೆ ಸುಣ್ಣದ ಡಬ್ಬಿಗೆ ಕೈ ಹಾಕದೆ ನನ್ನ ಹತ್ತಿರ ಬನ್ನಿ ಎಂದಾಗ ಪವಿತ್ರಾನೇ ಮೊದಲು ನಕ್ಕಳು. ನಾಲ್ಕು ತಿಂಗಳಾದ ಮೇಲೆ ಮಾತ್ರೆಯ ಸಾಲಿನಲ್ಲಿ ನಿಂತಾಗ ನನ್ನ ಕಿವಿಗೆ ಬಾಯಿಟ್ಟು, "ಆ ಕಡೆನೂ ಬಂತು ಕಣಕ್ಕ" ಅಂದು ಓಡಿದಳು. ಮೊದಲಿನ ಹಾಗೇ ಓಟ!

ಹೆದರಿಕೆಯ ಮಾತು ಆಡುವವಳು ಅದು ಯಾರಿಗೆ ಎಂದು ಮೊದಲೇ ಹೇಳಬೇಕು, ಹಿಂದೆ ನಿಂತವರ ಮುಖವನ್ನೂ ನೋಡಬೇಕು. ಇಪ್ಪತ್ತೆಂಟು ವರ್ಷವಾದ ಮೇಲೆ ಕೆಲಸ ನನಗೆ ಕಲಿಸಿದ ಪಾಠ ಇದು. ಕಲಿತೆನೇ? ಮರುವರ್ಷ ಅದೇ ಟ್ಯಾಂಕಿನ ಹತ್ತಿರ ಅದೇ ಚಾರ್ಟ್ ಕಟ್ಟಿ, ಮಳೆ ಬರುವಂತಿದೆ ಎಂಬ ಅವಸರದಲ್ಲಿ ಗಂಟಿನ ಮಾತಿಗೇ ಬಾಯಿ ಹಾಕಿದ್ದೆ. ನಲ್ಲಿಯ ಕಡೆಯಿಂದ ಗಟ್ಟಿ ದನಿಯೊಂದು ಬಂತು.

"ನರ್ಸಕ್ಕಾ, ಮ್ಯಾಗಳ ಸಾಲು ಓದಿ ಮೊದ್ಲು!"

ಓದಿದೆ.