ಬೇರೆ ಇಟ್ಟ ತಟ್ಟೆ

ಕ್ಯಾಟರಾಕ್ಟ್ ಆಪರೇಷನ್ನಿಗೆಂದು ಮಣಿಪಾಲದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ನನಗೆ ಹೆಪಟೈಟಿಸ್ ಬಿ ಇರುವುದು ಗೊತ್ತಾಯಿತು. ಜೀವನದಲ್ಲಿ ಒಮ್ಮೆಯೂ ಕಾಮಾಲೆ ಆಗದ ನನಗೆ ಇದು ಎಲ್ಲಿಂದ ಬಂತು?

"ಹೇಳಲಿಕ್ಕೆ ಆಗುವುದಿಲ್ಲ ಅಮ್ಮ. ಎಷ್ಟೋ ವರ್ಷದಿಂದ ಒಳಗೆ ಸುಮ್ಮನೆ ಇದ್ದಿರಬಹುದು. ಹೆರಿಗೆಯಲ್ಲಿ ಮಗುವಿಗೂ ಹೋಗುವುದುಂಟು, ಮಗಳಿಗೂ ಟೆಸ್ಟ್ ಮಾಡಿಸಿ," ಎಂದರು ಡಾಕ್ಟರ್. ನನ್ನ ಜೊತೆಗೆ ಬಂದಿದ್ದ ಮಗಳ ರಕ್ತವನ್ನೂ ಅವತ್ತೇ ತೆಗೆದರು.

ಕಾಪುವಿಗೆ ಮರಳುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದ ಮಗಳ ಮುಖ ನೋಡಲಾಗಲಿಲ್ಲ. ನಾನೇ ಕೊಟ್ಟೆನೇ? ಮನೆಗೆ ಬಂದವಳೇ ನನ್ನ ತಟ್ಟೆ, ಲೋಟ ಬೇರೆ ಇಟ್ಟೆ.

"ಎಂತ ಮಮ್ಮಿ ಇದು? ಡಾಕ್ಟರ್ ಹೇಳಿದ್ದು ಕೇಳಲಿಲ್ವಾ? ಊಟದಲ್ಲಿ ಹರಡುವುದಿಲ್ಲ, ರಕ್ತದಲ್ಲಿ ಹರಡುವುದು!" ಎಂದು ಗದರಿಸಿ, ನನ್ನ ತಟ್ಟೆಯಿಂದಲೇ ಬಂಗುಡೆ ಮೀನಿನ ತುಂಡು ತೆಗೆದು ತಿಂದಳು.

"ಡೋಂಟ್!" ಎಂದು ಕಿರುಚಿದೆ.

ಸಂಜೆ ನೈಲ್ ಕಟರ್ ಕೇಳಿದಾಗ ಮಾತ್ರ ಹೊಸದೊಂದನ್ನು ತಂದು ಕೊಟ್ಟಳು. "ಇದು ನಿಮಗೆ ಮಾತ್ರ, ಆಯ್ತಾ?" ಉಗುರು ತೆಗೆಯುವಾಗ ಚರ್ಮ ಕೊಯ್ದರೆ ರಕ್ತ ಅಂಟುತ್ತದೆ, ಅವಳು ಮಾಡಿದ್ದೇ ಸರಿ. ಆದರೂ ಮನಸ್ಸು ಮುದುಡಿತು. ಎಂಜಲು ತಿಂದಳೆಂದು ಹೆದರಿದ ನಾನು, ಜಾಗ್ರತೆ ಮಾಡಿದಳೆಂದು ನೊಂದದ್ದು ಏಕೋ ನನಗೇ ತಿಳಿಯಲಿಲ್ಲ.

ಎರಡು ದಿನ ಕಳೆದು ಅವಳ ರಿಪೋರ್ಟ್ ಬಂತು, ನೆಗೆಟಿವ್. ಥ್ಯಾಂಕ್ ಗಾಡ್ ಎಂದು ಅತ್ತುಬಿಟ್ಟೆ. ಅವಳು ವ್ಯಾಕ್ಸಿನ್ನಿನ ಮೊದಲ ಡೋಸ್ ಹಾಕಿಸಿಕೊಂಡು ಬಂದಳು. ಇನ್ನೆರಡು ಬಾಕಿ ಉಂಟು. ಆ ಮಧ್ಯಾಹ್ನ ನನ್ನ ತಟ್ಟೆಯ ಮೀನನ್ನು ಅವಳಿಗೆ ಕೊಡಲು ಕೈ ಎತ್ತಿದೆ. ಕೈ ಅರ್ಧದಲ್ಲೇ ನಿಂತುಬಿಟ್ಟಿತು. ಅವಳೇ ಬಾಗಿ ತೆಗೆದುಕೊಂಡಳು.